ಹೊರಗಿನ ಡಬ್ಬಿಗೆ ಹೇಳಬೇಕಂತೆ

ಬೆಳಿಗ್ಗೆ ಕಂಪ್ಯೂಟರಿನ ಮೇಲೆ ಹೊದಿಸಿದ ಹಳೇ ಟವಲ್ ತೆಗೆದು ಸ್ವಿಚ್ ಹಾಕಿದರೆ ಸ್ವಲ್ಪ ಹೊತ್ತಿಗೆ ಒಂದು ವಾಸನೆ ಬರುತ್ತದೆ. ಧೂಳು ಬಿಸಿಯಾದ ವಾಸನೆ. ನೀವು ಗಮನಿಸಿರಲಾರಿರಿ, ನಿಮ್ಮ ಮನೆಯ ಕಂಪ್ಯೂಟರು ಹೊಸದಿರಬಹುದು. ನಮ್ಮವು ಯಾರೋ ಬಳಸಿ ಬಿಟ್ಟವು. ನನ್ನ ಹಾಗೇ ಬೆಳಿಗ್ಗೆ ಏಳುವಾಗ ಒಂದಿಷ್ಟು ನರಳಿಯೇ ಏಳುತ್ತವೆ. ಇವತ್ತು ಆ ವಾಸನೆಯ ಜೊತೆಗೆ ರಸ್ತೆಯಾಚೆಯ ಬೇಕರಿಯವರು ಬಿಸಿ ಬನ್ನಿನ ತಟ್ಟೆ ಹೊರಗೆ ತೆಗೆದ ವಾಸನೆಯೂ ಬಂದು ಸೇರಿಕೊಂಡಿತು. ಎರಡೂ ಕೂಡಿದ್ದೇ ತಡ, ಮನಸ್ಸು ಮಧುಗಿರಿ ಬಿಟ್ಟು ಶಿರಾಕ್ಕೆ ಹೋಗಿಬಿಟ್ಟಿತು. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ, ನಾನು ಏನೂ ಅರ್ಥವಾಗದೆ ಪರದೆ ನೋಡುತ್ತಾ ಕೂತಿದ್ದ ದಿನಗಳಿದ್ದವು.

ನಾನು ಟೈಪಿಂಗ್ ಟೀಚರು. ಇನ್‌ಸ್ಟಿಟ್ಯೂಟು ಅಪ್ಪ ಶುರು ಮಾಡಿದ್ದು. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಅದು ನನ್ನ ಪಾಲಿಗೆ ಬಂತು. ಮಧುಗಿರಿಯ ಬ್ಯಾಂಕು, ಕಚೇರಿ, ಕೋರ್ಟು ಎಲ್ಲಿಗೆ ಹೋದರೂ ಒಬ್ಬರಾದರೂ ಎದ್ದು ನಿಂತು, "ಟೀಚರ್, ಕೂತ್ಕೊಳಿ" ಅನ್ನುತ್ತಿದ್ದರು. ಮದುವೆಯಾಗದೆ ಉಳಿದವಳಿಗೆ ಇದೂ ಒಂದು ಸಂಸಾರವೇ. ಆಮೇಲೆ ಬರಬರುತ್ತಾ ಕಲಿಯುವವರು ಕಡಿಮೆಯಾದರು. ಮಿಷನ್ನುಗಳ ಮೇಲೆ ಹೊದಿಕೆ ಹೊದಿಸಿದರೆ ತೆಗೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಬಾಗಿಲಿಗೆ ಬಂದ ಒಂದಿಬ್ಬರು ಹುಡುಗಿಯರೂ, "ಮೇಡಂ, ವೆಬ್ ಡಿಸೈನ್ ಹೇಳ್ಕೊಡ್ತೀರಾ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಒಳಗಿನ ಟೈಪ್‌ರೈಟರುಗಳನ್ನು ನೋಡಿ, "ಪರ್ವಾಗಿಲ್ಲ ಮೇಡಂ" ಎಂದು ಹೋಗಿಬಿಡುತ್ತಿದ್ದರು. ಆ "ಪರ್ವಾಗಿಲ್ಲ" ಕೇಳೀ ಕೇಳೀ ನನಗೆ ಸಾಕಾಯಿತು. ಕಲಿತೇ ಬಿಡೋಣ ಅಂದುಕೊಂಡೆ.

ಮಧುಗಿರಿಯಲ್ಲೇ ಕಲಿಯಬಹುದಿತ್ತು. ಆದರೆ ಇಲ್ಲಿ ಕಂಪ್ಯೂಟರ್ ಹೇಳಿಕೊಡುವವರೆಲ್ಲ ಒಂದು ಕಾಲಕ್ಕೆ ನನ್ನ ಹತ್ತಿರ ಬೆರಳಿಗೆ ಏಟು ತಿಂದವರು. ಅವರ ಮುಂದೆ ಹೋಗಿ ಬೆಂಚಿನಲ್ಲಿ ಕೂರಲು ಮಾನ ಅಡ್ಡ ಬಂತು. ಆ ಮಾನದ ದೆಸೆಯಿಂದ ಮಧ್ಯಾಹ್ನದ ಬಿಸಿಲಿನಲ್ಲಿ, ಬಡವನಹಳ್ಳಿ ಮಾರ್ಗದ ಪ್ರೈವೇಟ್ ಬಸ್ಸಿನಲ್ಲಿ, ಕಡಲೆಕಾಯಿ ಮೂಟೆಗಳ ನಡುವೆ ಮಂಡಿ ಮಡಚಿ ಶಿರಾಕ್ಕೆ ಓಡಾಡಿದೆ. ಬೆಳಿಗ್ಗೆ ಅಪ್ಪನಿಗೆ ಅಡಿಗೆ, ಮಧ್ಯಾಹ್ನ ಶಿರಾ, ಸಂಜೆ ಮತ್ತೆ ಬಂದು ಉಳಿದ ನಾಲ್ಕು ಜನಕ್ಕೆ ಟೈಪಿಂಗ್. ಬಸ್ಸಿನಲ್ಲಿ ಕೂತ ತಕ್ಷಣ ನಿದ್ದೆ ಬರುತ್ತಿತ್ತು. ಕಂಡಕ್ಟರು ನನ್ನನ್ನು ಎಬ್ಬಿಸುವುದನ್ನೂ ತನ್ನ ಕೆಲಸದಲ್ಲಿ ಸೇರಿಸಿಕೊಂಡಿದ್ದ.

ಅಲ್ಲಿ ಹೇಳಿಕೊಡುತ್ತಿದ್ದವಳು ನಸ್ರೀನ್. ಸಣ್ಣಗೆ, ಚುರುಕಾಗಿ, ಸದಾ ಎಲ್ಲಿಗೋ ಹೊರಟವಳ ಹಾಗೆ ಇದ್ದಳು. ಗಂಡ ಲಾರಿ ಓಡಿಸುತ್ತಿದ್ದ, ಊರಲ್ಲಿದ್ದದ್ದಕ್ಕಿಂತ ಹೈವೇಯಲ್ಲಿದ್ದದ್ದೇ ಹೆಚ್ಚು. ಮನೆಯಲ್ಲಿ ಅತ್ತೆ ಮತ್ತು ಅವಳು. ತುಮಕೂರಿನಲ್ಲಿ ಕಲಿತು ಬಂದು, ತಾನೇ ಕೋಣೆ ಹಿಡಿದು, ಕ್ಲಾಸಿನ ಜೊತೆಗೆ ಬೋರ್‌ವೆಲ್ ಕೊರೆಯುವವರಿಗೆ, ಎಣ್ಣೆ ಮಿಲ್ಲಿನವರಿಗೆ, ಕಲ್ಯಾಣ ಮಂಟಪದವರಿಗೆ ವೆಬ್‌ಸೈಟು ಮಾಡಿಕೊಡುತ್ತಿದ್ದಳು. ನಾನು ಟೈಪಿಂಗ್ ಟೀಚರು ಅಂತ ಹೇಳಿಕೊಂಡಿರಲಿಲ್ಲ. ಮೊದಲ ದಿನವೇ ಬೆರಳು ಹೇಳಿಬಿಟ್ಟವು. ಅವಳು ಬೋರ್ಡಿನ ಮೇಲೆ ಬರೆದದ್ದನ್ನು ಕೀಲಿಮಣೆ ನೋಡದೆ ಟಕಟಕ ಹೊಡೆದು, ಸಾಲು ಮುಗಿದಾಗ ಹಳೇ ರೂಢಿಯಲ್ಲಿ ಎಡಗೈ ಎತ್ತಿ, ಸಾಲು ಬದಲಿಸುವ, ಇಲ್ಲಿ ಇಲ್ಲದ ಲಿವರನ್ನು ಗಾಳಿಯಲ್ಲಿ ತಳ್ಳಿದೆ. ಪಕ್ಕದ ಹುಡುಗಿ ಹೆದರಿ ತಲೆ ಬಗ್ಗಿಸಿದಳು.

ನಸ್ರೀನ್ ಬಂದು ನನ್ನ ಪರದೆ ನೋಡಿದಳು. ಪೂರಾ ಬಿಳಿ. ಒಂದಕ್ಷರವೂ ಇಲ್ಲ.

"ಅಕ್ಕಾ, ಇಷ್ಟು ಫಾಸ್ಟಾಗಿ ತಪ್ಪು ಮಾಡೋರನ್ನ ನಾನು ನೋಡೇ ಇಲ್ಲ" ಅಂದಳು.

ಎಲ್ಲೋ ಒಂದು ಕಡೆ, ಬಾಣದ ಮೊನೆಯಂತೆ ಕಾಣುವ ಒಂದು ಚಿಹ್ನೆ ಬಿಟ್ಟುಹೋಗಿತ್ತು. ಅಷ್ಟಕ್ಕೇ ಇಡೀ ಪುಟ ಮುನಿಸಿಕೊಂಡು ಬಾಯಿ ಮುಚ್ಚಿಕೊಂಡಿತ್ತು. ಟೈಪಿಂಗಿನಲ್ಲಿ ಹೀಗಿಲ್ಲ ನೋಡಿ. ತಪ್ಪು ಮಾಡಿದರೆ ಮಾಡಿದ ಜಾಗದಲ್ಲೇ, ಕಾಗದದ ಮೇಲೆ, ಎಲ್ಲರಿಗೂ ಕಾಣುವಂತೆ ಕೂತಿರುತ್ತದೆ. ಇಲ್ಲಿ ತಪ್ಪು ಒಂದು ಕಡೆ, ಅದರ ಫಲ ಇನ್ನೊಂದು ಕಡೆ. ಹುಡುಕಿ ಹುಡುಕಿ ಕಣ್ಣಲ್ಲಿ ನೀರು ಬರುತ್ತಿತ್ತು. ಅದು ದುಃಖವೋ ಕನ್ನಡಕದ ನಂಬರು ಬದಲಾದದ್ದೋ ಗೊತ್ತಾಗುತ್ತಿರಲಿಲ್ಲ.

"ನಮ್ಮ ಊರು" ಎಂದು ಎಲ್ಲರೂ ಒಂದೊಂದು ಪುಟ ಮಾಡಬೇಕಿತ್ತು. ಬರಹ, ಚಿತ್ರ ಎಲ್ಲವನ್ನೂ ಚೌಕ ಚೌಕದೊಳಗೆ ಕೂರಿಸಬೇಕು, ಆ ಚೌಕಗಳಿಗೆ ನಸ್ರೀನ್ ಡಬ್ಬಿ ಅನ್ನುತ್ತಿದ್ದಳು. ನಾನು ಮಧುಗಿರಿ ಬೆಟ್ಟದ ಫೋಟೋ ಹಾಕಿದೆ. ಅದು ಎಷ್ಟು ದೊಡ್ಡದಾಗಿ ಬಂತೆಂದರೆ ಪರದೆ ತುಂಬಾ ಬರೀ ಕಪ್ಪು ಬಂಡೆ. ಆಕಾಶ ನೋಡಬೇಕಾದರೆ ಬೆರಳು ನೋಯುವಷ್ಟು ಹೊತ್ತು ಮೇಲಕ್ಕೆ ಸರಿಸಬೇಕಿತ್ತು. "ಬೆಟ್ಟಾನ ಚಿಕ್ಕದು ಮಾಡ್ಬೇಕು ಅಕ್ಕಾ" ಅಂದಳು ನಸ್ರೀನ್. "ಟಿಪ್ಪುವಿನ ಕಾಲದವರಿಗೇ ಆಗಲಿಲ್ಲ, ನನ್ನ ಕೈಲಾಗುತ್ತಾ?" ಅಂದೆ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಅವತ್ತು ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಈ ವಯಸ್ಸಿನಲ್ಲಿ ದಡ್ಡಿಯಾಗುವುದು ಮೈಗೆ ಎಷ್ಟು ಆಯಾಸ ಅನ್ನುವುದು, ಚಿಕ್ಕಂದಿನಿಂದ ಜಾಣೆ ಅನ್ನಿಸಿಕೊಂಡು ಬಂದವರಿಗೇ ಗೊತ್ತು.

ಕೋರ್ಸು ಮುಗಿಯುವ ಹೊತ್ತಿಗೆ ನಸ್ರೀನ್ ಬಸುರಿ. ಹುಡುಗಿಯರಿಗೆ ಮಿಠಾಯಿ ಕೊಟ್ಟಳು. ಅದಾಗಿ ಸ್ವಲ್ಪ ದಿನಕ್ಕೆ ತುಮಕೂರಿನ ಡಾಕ್ಟರು ಹಾಸಿಗೆ ಬಿಟ್ಟು ಏಳಕೂಡದು ಅಂದರು. ಮಾರನೇ ದಿನ ಅವಳು ಮೆಟ್ಟಿಲು ಹತ್ತಲಿಲ್ಲ. ಕೆಳಗೆ ಆಟೋದಲ್ಲೇ ಕೂತು ನನ್ನನ್ನು ಕರೆಸಿದಳು.

"ಅಕ್ಕಾ, ಒಂದು ಸಹಾಯ. ನಾನು ಬರೋವರೆಗೂ ಕ್ಲಾಸು ನೀವು ನೋಡ್ಕೊಳಿ."

ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾವ ಅಕ್ಕನಿಗಾದರೂ ಹೇಳುತ್ತಿದ್ದಾಳೇನೋ ಎಂದು.

"ನನಗೇನಮ್ಮ ಬರುತ್ತೆ? ಒಂದು ಡಬ್ಬೀನ ಪುಟದ ಮಧ್ಯಕ್ಕೆ ತರೋಕೆ ಬರಲ್ಲ."

"ಅದಕ್ಕೇ ನಿಮಗೆ ಹೇಳ್ತಿರೋದು" ಅಂದಳು. ಮುಖ ಬಿಳಿಚಿಕೊಂಡಿತ್ತು, ಮಾತು ಮಾತ್ರ ಎಂದಿನಂತೆ ಚುರುಕು. "ಬರೋರಿಗೆ ಕೊಟ್ರೆ ಅವ್ರು ಪಕ್ಕದಲ್ಲೇ ಅವ್ರದ್ದೊಂದು ಕ್ಲಾಸ್ ಶುರು ಮಾಡ್ಕೋತಾರೆ. ನೀವು ಮಾಡಲ್ಲ. ನಿಮಗೆ ಬರಲ್ಲ." ಆಮೇಲೆ ದನಿ ಇಳಿಸಿ, "ಓನರ್ರು ಕೋಣೇನ ಮೊಬೈಲ್ ಅಂಗಡಿಯೋರಿಗೆ ಕೊಡ್ಬೇಕು ಅಂತಿದಾರೆ. ಬೀಗ ಬಿದ್ರೆ ಹೋಯ್ತು. ಬಾಗಿಲು ತೆಗೆದಿಡಿ ಅಕ್ಕಾ, ಅಷ್ಟು ಸಾಕು" ಅಂದಳು.

ಇಲ್ಲ ಅನ್ನಬೇಕು ಅಂತಲೇ ಇದ್ದೆ. ನನಗೆ ಸುಸ್ತಾಗಿತ್ತು, ಮನೆಯಲ್ಲಿ ಅಪ್ಪ ಒಬ್ಬರೇ. ಆದರೆ ಆಟೋದ ಸೀಟಿನ ಮೇಲೆ ಅವಳು ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟು, ಇನ್ನೊಂದರಲ್ಲಿ ಕೋಣೆಯ ಕೀಲಿ ಹಿಡಿದುಕೊಂಡಿದ್ದಳು. ಕೀಲಿ ಇಸಿದುಕೊಂಡೆ.

ಹೀಗೆ ಕ್ಲಾಸಿನ ಅತಿ ದಡ್ಡ ವಿದ್ಯಾರ್ಥಿನಿ ಟೀಚರಾದಳು. ನನಗೆ ಗೊತ್ತಿದ್ದ ವಿದ್ಯೆ ಒಂದೇ: ಮಾಡಿದ್ದನ್ನೇ ಮತ್ತೆ ಮಾಡಿಸುವುದು. ಟೈಪಿಂಗಿನಲ್ಲಿ ಮಾಡಿಸುತ್ತಿದ್ದ ಹಾಗೆ ಪುಟದ ಮೊದಲ ಸಾಲುಗಳನ್ನು ಹುಡುಗಿಯರ ಕೈಲಿ ಹೊಡೆಸಿದೆ, ಅಳಿಸಿದೆ, ಮತ್ತೆ ಹೊಡೆಸಿದೆ. ಹೊಸದಾಗಿ ಸೇರಿದವರು ನನ್ನನ್ನು ಮಹಾ ಪಂಡಿತೆ ಅಂದುಕೊಂಡರು. ಹಳಬರಿಗೆ ಗುಟ್ಟು ಗೊತ್ತಿತ್ತು, ಬಿಟ್ಟುಕೊಡಲಿಲ್ಲ. ಅವರು ಫೋನಿನಲ್ಲಿ ವಿಡಿಯೋ ನೋಡಿ ಒಂದಷ್ಟು ಬಿಡಿಸಿಕೊಳ್ಳುತ್ತಿದ್ದರು. ಅದಕ್ಕೂ ಬಗೆಹರಿಯದ್ದು ನನ್ನ ತಲೆಗೆ ಬರುತ್ತಿತ್ತು. ನಾನು ನಸ್ರೀನ್‌ಗೆ ಫೋನ್ ಮಾಡಿದರೆ ಎತ್ತುತ್ತಿದ್ದವರು ಅವಳ ಅತ್ತೆ.

ಖೈರುನ್‌ಬೀ ಅಂತ ಅವರ ಹೆಸರು. ಒಂದು ಮಧ್ಯಾಹ್ನ ಅವರೇ ಮೆಟ್ಟಿಲು ಹತ್ತಿ ಬಂದರು. ದೊಡ್ಡ ಹೆಂಗಸು, ಮೇಲೆ ಬಂದು ಏದುಸಿರು ಬಿಡುತ್ತಾ ಬಾಗಿಲಲ್ಲೇ ನಿಂತರು. ಕೈಯಲ್ಲಿ ಟಿಫನ್ ಕ್ಯಾರಿಯರ್.

"ಟೀಚರಮ್ಮ ನೀನೇನಾ? ತಗೋ, ಉಣ್ಣು. ಫೋನ್ ಮಾತ್ರ ಮಾಡ್ಬ್ಯಾಡ ಬೇಟಿ. ಅದು ಕೈಗೆ ಸಿಕ್ರೆ ಅವ್ಳು ಮಲಗಾಕಿಲ್ಲ. ಕೆಲ್ಸ ಕೊಟ್ಟಿರೋ ಪಾರ್ಟಿಯೋರು ಮಾತಾಡಿಸ್ತಾರೆ, ಎದ್ದು ಕೂತ್ಕಂಬುಡ್ತಾಳೆ. ನಾನೇ ಕಿತ್ತಿಟ್ಕಂಡಿವ್ನಿ."

"ಅಲ್ಲಮ್ಮ, ಪಾಠದಲ್ಲಿ ಏನಾದ್ರೂ ಕೇಳೋದಿದ್ರೆ?"

"ನಂಗೇಳು. ತಗಂಡೋಗಿ ಕೇಳ್ಕಂಡು ಬತ್ತೀನಿ."

ನಾನು ಹುಡುಗಿಯರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಆಗಿದ್ದಾಗಲಿ ಎಂದು, ಪರದೆ ತೋರಿಸಿ, ಈ ಚಿಕ್ಕ ಡಬ್ಬಿ ದೊಡ್ಡ ಡಬ್ಬಿಯ ಒಳಗೆ ನಟ್ಟನಡುವೆ ಕೂರಬೇಕು, ಮೂಲೆ ಹಿಡಿದು ಕೂತಿದೆ ಅಂದೆ. ಖೈರುನ್‌ಬೀ ಕಣ್ಣು ಕಿರಿದು ಮಾಡಿ ನೋಡಿ, ಸೀರೆಯ ಸೆರಗಿಗೆ ಗಂಟು ಹಾಕಿಕೊಂಡರು, ಮರೆಯದಿರಲಿ ಅಂತ. ಮಾರನೇ ದಿನ ಮೆಟ್ಟಿಲ ಮೇಲಿಂದಲೇ ಶುರು ಮಾಡಿದರು.

"ಒಳಗಿನ ಡಬ್ಬೀಗೆ ಹೇಳಿ ಉಪಯೋಗ ಇಲ್ವಂತೆ. ಹೊರಗಿನ ಡಬ್ಬಿಗೆ ಹೇಳ್ಬೇಕಂತೆ. ಅದು ಇದನ್ನ ನಡುಕ್ಕೆ ಕೂರಿಸ್ಕಂತದಂತೆ."

ಮಾಡಿ ನೋಡಿದೆವು. ಡಬ್ಬಿ ಮೂಲೆ ಬಿಟ್ಟು ಎದ್ದು ಬಂದು ನಡುವೆ ಕೂತಿತು. ಹುಡುಗಿಯರು ಚಪ್ಪಾಳೆ ಹೊಡೆದರು. ಖೈರುನ್‌ಬೀ ಅದೆಲ್ಲ ತಮಗೆ ಮೊದಲೇ ಗೊತ್ತಿದ್ದಂತೆ ಕುರ್ಚಿ ಎಳೆದುಕೊಂಡು, "ನಮ್ಮ ಮನೇಲೂ ಅಂಗೇಯ. ಮಗಂಗೆ ಹೇಳಿ ಹೇಳಿ ಸಾಕಾಯ್ತು. ಅವ್ರಪ್ಪಂಗೆ ಹೇಳ್ಬೇಕಿತ್ತು" ಅಂದರು.

ಅಲ್ಲಿಂದ ಇದೇ ನಮ್ಮ ವಿದ್ಯಾಭ್ಯಾಸ. ದಿನಾ ಒಂದು ಪ್ರಶ್ನೆ ಹೋಗುವುದು, ಒಂದು ಉತ್ತರ ಬರುವುದು. ಮಾರ್ಜಿನ್, ಪ್ಯಾಡಿಂಗ್ ಎಂದು ಎರಡು ತಾಪತ್ರಯಗಳಿವೆ, ನನಗೆ ಯಾವುದು ಯಾವುದೆಂದು ನೆನಪಿರುತ್ತಲೇ ಇರಲಿಲ್ಲ. ಖೈರುನ್‌ಬೀ ಬಂದು ಹೇಳಿದರು: "ಡಬ್ಬಿ ಒಳಗೆ ತುಂಬೋದು ಹತ್ತಿ, ಡಬ್ಬಿ ಆಚೆ ಬಿಡೋದು ಅಂಗಳ. ಒಳಗೆ ಒತ್ತಿದ್ರೆ ಹತ್ತಿ ಹಾಕು, ಪಕ್ಕದ ಮನೆಯೋರು ಒತ್ತಿದ್ರೆ ಅಂಗಳ ಬುಡು. ಅಷ್ಟೇಯ." ಇದು ಸೊಸೆ ಹೇಳಿದ್ದೋ ಅತ್ತೆ ಕಟ್ಟಿದ್ದೋ ತಿಳಿಯದು. ಅವತ್ತಿನಿಂದ ಹುಡುಗಿಯರ ಬಾಯಲ್ಲಿ ಇಂಗ್ಲಿಷ್ ಹೆಸರು ಹೋಗಿ, "ಮೇಡಂ, ಹತ್ತಿ ಜಾಸ್ತಿಯಾಯ್ತು" ಅನ್ನುವುದೇ ರೂಢಿಯಾಯಿತು.

ಕಟ್ಟಡದ ಓನರ್ರು ಒಂದು ದಿನ ಬಂದು ಇಣುಕಿದರು. "ಆ ಹುಡುಗಿ ಇಲ್ವಲ್ಲ, ಇನ್ನು ನಡೀತದಾ ಇದು?" ಅಂದರು. ನಾನು ತೊದಲುವಷ್ಟರಲ್ಲಿ ಖೈರುನ್‌ಬೀ ಎದ್ದರು. "ಬಾಗ್ಲು ತೆಗ್ದೈತೋ ಇಲ್ವೋ? ಮಕ್ಳು ಕೂತವ್ರೋ ಇಲ್ವೋ? ಮತ್ತೇನ್ ನೋಡಾಕೆ ಬಂದೆ ಸಾಬ್?" ಓನರ್ರು ಹಾಗೇ ಇಳಿದು ಹೋದರು.

ನನ್ನ ಆಯಾಸವೇನೂ ಕಡಿಮೆಯಾಗಿರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ ಪಾದ ಊದಿರುತ್ತಿದ್ದವು. ಅಪ್ಪ, "ಯಾವ ರಾಜ್ಯ ಗೆಲ್ಲಕ್ಕೆ ಹೋಗ್ತಿದೀಯಮ್ಮ ದಿನಾ?" ಅಂತ ಕೇಳುತ್ತಿದ್ದರು. ಆದರೂ ಮಧ್ಯಾಹ್ನವಾದರೆ ಕಿವಿ ಮೆಟ್ಟಿಲ ಕಡೆಗೇ ಇರುತ್ತಿತ್ತು. ಉತ್ತರಕ್ಕಾಗಿ ಅಂತ ನಾನು ಅಂದುಕೊಂಡಿದ್ದೆ. ಖೈರುನ್‌ಬೀ ಬಂದರೆ ಅಲ್ಲಿ ನಸ್ರೀನಳ ಹೊಟ್ಟೆಯೊಳಗಿನ ಮಗು ಚೆನ್ನಾಗಿದೆ ಅಂತ ಅರ್ಥ. ನಾನು ಕಾಯುತ್ತಿದ್ದದ್ದು ಅದಕ್ಕೆ ಅನ್ನುವುದು ಅವರು ಬಾರದ ದಿನ ಗೊತ್ತಾಯಿತು.

ಅವತ್ತು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಫೋನ್ ಯಾರೂ ಎತ್ತಲಿಲ್ಲ. ಅದರ ಮರುದಿನ ನಾನು ಬಸ್ಸಿಳಿದು ಬರುವಾಗ ಬೇಕರಿಯವನು ಗಲ್ಲಾ ಬಿಟ್ಟು ಹೊರಗೆ ಬಂದ. "ಮೇಡಂ, ಗೊತ್ತಾಯ್ತಾ? ಮಗು ಉಳೀಲಿಲ್ಲಂತೆ" ಅಂದ. ಮೇಲೆ ಹೋಗಿ ಬೀಗ ತೆಗೆದೆ. ಹುಡುಗಿಯರಿಗೆ ಆಗಲೇ ತಿಳಿದಿತ್ತು, ಒಳಗೆ ಬಂದರೂ ಯಾರೂ ಸ್ವಿಚ್ ಹಾಕಲಿಲ್ಲ. ಓನರ್ರು ಹೇಳಿದ್ದು ನೆನಪಾಗಿ, "ಹಾಕ್ರಮ್ಮ, ಕೆಲಸ ಮಾಡ್ತಿರಿ. ಬಾಗಿಲು ಮುಚ್ಚಬೇಡಿ" ಎಂದು ಹೇಳಿ ನಸ್ರೀನಳ ಮನೆ ಹುಡುಕಿಕೊಂಡು ಹೋದೆ.

ಓಣಿಯ ಕೊನೆಯ ಮನೆ. ಖೈರುನ್‌ಬೀ ಹಜಾರದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಮುಂದೆ ಸಿಪ್ಪೆಯ ರಾಶಿ. ನನ್ನನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ. ಪಕ್ಕದಲ್ಲಿ ಕೂತೆ. ನಾನೂ ಒಂದು ಹಿಡಿ ತೆಗೆದುಕೊಂಡು ಸುಲಿಯತೊಡಗಿದೆ. ಒಳಗಿನ ಕೋಣೆಯ ಪರದೆ ಅರ್ಧ ಸರಿದಿತ್ತು. ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದ ಬೆನ್ನು ಕಾಣುತ್ತಿತ್ತು.

"ಗಂಡ ಬಂದು ಮಾತಾಡ್ಸಿದ, ಅವ್ಳ ಹೆತ್ತಮ್ಮ ಬಂದು ಮಾತಾಡ್ಸಿದ್ಲು" ಅಂದರು ಖೈರುನ್‌ಬೀ, ಮೆಲ್ಲಗೆ. "ಊಂ ಅಂತಿಲ್ಲ, ಊಹೂಂ ಅಂತಿಲ್ಲ. ಅಳಾದೂ ಇಲ್ಲ." ಇನ್ನೊಂದಿಷ್ಟು ಸುಲಿದರು. ಆಮೇಲೆ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. "ಬೇಟಿ, ಏನಾರ ಪ್ರಶ್ನೆ ಐತಾ?"

"ಏನಮ್ಮ?"

"ಕ್ಲಾಸಿಂದು. ಏನಾರ ಕೇಳಾದಿದ್ರೆ ಕೊಡು. ನೀನು ಕೇಳ್ದೆ ಅಂದ್ರೆ ಮಾತಾಡಿದ್ರೂ ಮಾತಾಡ್ಬೌದು."

ನಂಬುತ್ತೀರೋ ಇಲ್ಲವೋ, ದಿನಾ ತಲೆ ತುಂಬಾ ಪ್ರಶ್ನೆ ಹೊತ್ತುಕೊಂಡೇ ತಿರುಗುತ್ತಿದ್ದ ನನಗೆ ಆ ಗಳಿಗೆಯಲ್ಲಿ ಒಂದೂ ಹೊಳೆಯಲಿಲ್ಲ. ತಡಕಾಡಿದೆ. ಕೊನೆಗೆ ಬಾಯಿಗೆ ಬಂದದ್ದು ಹೇಳಿದೆ: "ಬಣ್ಣ ಬದಲಾಯಿಸಿದ್ದೀನಿ, ಪುಟದಲ್ಲಿ ಮಾತ್ರ ಹಳೇ ಬಣ್ಣಾನೇ ಕಾಣ್ತಿದೆ ಅಂತ ಕೇಳಿ."

ಖೈರುನ್‌ಬೀ ಗಂಟು ಹಾಕಿಕೊಳ್ಳದೆ ಎದ್ದು ಒಳಗೆ ಹೋದರು. ಅವರ ದನಿ ಕೇಳಿಸಿತು, ನಾನು ಹೇಳಿದ್ದನ್ನೇ ಉರ್ದುವಿನಲ್ಲಿ ಹೇಳುತ್ತಿದ್ದರು. ನಾನು ಸುಲಿಯುವುದನ್ನೂ ಬಿಟ್ಟು ಕಿವಿಗೊಟ್ಟು ಕೂತಿದ್ದೆ. ಖೈರುನ್‌ಬೀ ಹೊರಗೆ ಬಂದು ಗೋಡೆ ಹಿಡಿದು ನಿಂತರು.

"ಅದು ಅಕ್ಕಂಗೆ ಗೊತ್ತು, ಗೊತ್ತಿದ್ದೂ ಕೇಳ್ತಾವ್ರೆ ಅಂದ್ಲು."

ನನಗೆ ನಾಚಿಕೆಯಾಯಿತು. ಕಳ್ಳತನದಲ್ಲಿ ಸಿಕ್ಕಿಬಿದ್ದಂತೆ ತಲೆ ತಗ್ಗಿಸಿದೆ. ಖೈರುನ್‌ಬೀ ನನ್ನ ಪಕ್ಕ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

"ಆಮೇಕೆ, ಸೇವ್ ಮಾಡವ್ರಾ ಕೇಳು ಅಂದ್ಲು" ಅಂದರು. ಹಾಗೆ ಹೇಳುತ್ತಲೇ ಅವರಿಗೆ ಅಳು ಬಂತು. ಒಳಗಿಂದಲೂ ಅಳುವ ಸದ್ದು ಕೇಳಿತು. ಆ ಮನೆಯಲ್ಲಿ ಅವತ್ತೇ ಮೊದಲು ಅತ್ತದ್ದಂತೆ.

ಆಮೇಲೆ ಪ್ರಶ್ನೆಗಳನ್ನು ಕಷ್ಟಪಟ್ಟು ಹುಡುಕಬೇಕಾಯಿತು, ಗೊತ್ತಿಲ್ಲದ್ದೇ ಆಗಬೇಕಲ್ಲ. ಹುಡುಗಿಯರೆಲ್ಲ ಸೇರಿ ಹುಡುಕಿದರು. ಖೈರುನ್‌ಬೀ ಮತ್ತೆ ಮೆಟ್ಟಿಲು ಹತ್ತತೊಡಗಿದರು. ಉತ್ತರಗಳು ಮೊದಮೊದಲು ಒಂದೇ ಮಾತಿನಲ್ಲಿ ಬಂದವು, ಬರಬರುತ್ತಾ ಉದ್ದವಾದವು. ಒಂದು ಸಲ, "ಇಷ್ಟು ದಿನ ಇದನ್ನೂ ಹೇಳ್ಕೊಟ್ಟಿಲ್ವಾ ಅಂತ ಬಯ್ದ್ಲು" ಎಂದು ಖೈರುನ್‌ಬೀ ಸಂತೋಷದಿಂದ ಹೇಳಿದರು. ನನಗೂ ಬೈಸಿಕೊಂಡು ಅಷ್ಟು ಸಮಾಧಾನವಾದದ್ದು ಅದೊಂದೇ ಸಲ.

ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ, ಪಾಠದ ನಡುವೆ, ಮೆಟ್ಟಿಲ ಮೇಲೆ ಎರಡು ಜೊತೆ ಹೆಜ್ಜೆ ಸದ್ದಾಯಿತು. ನಸ್ರೀನ್ ಬಾಗಿಲಲ್ಲಿ ನಿಂತಿದ್ದಳು. ಸೊರಗಿದ್ದಳು. ಹುಡುಗಿಯರು ಎದ್ದರು. ನಾನು ಮುಂದಿನ ಮೇಜು ಬಿಟ್ಟು ಸರಿದು ಕೀಲಿ ಕೊಡಲು ಹೋದೆ. ಅವಳು ಬೇಡ ಅನ್ನುವಂತೆ ಕೈ ಮಾಡಿ, ಹುಡುಗಿಯರ ನಡುವೆ ಖಾಲಿಯಿದ್ದ ಒಂದು ಕುರ್ಚಿಯಲ್ಲಿ ಹೋಗಿ ಕೂತಳು.

"ಇವತ್ತು ನೀವೇ ಹೇಳಿ ಅಕ್ಕಾ" ಅಂದಳು. "ನಾನು ಸುಮ್ನೆ ಕೂತಿರ್ತೀನಿ."

ಏನು ಹೇಳಿದೆನೋ ನೆನಪಿಲ್ಲ. ತಪ್ಪು ಹೇಳಿದ್ದೂ ಇರಬಹುದು, ಅವಳು ತಿದ್ದಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಬೋರ್ಡು ನೋಡುತ್ತಿದ್ದಳು. ಹೀಗೆ ಇನ್ನೂ ಕೆಲವು ದಿನ ಬಂದು ಸುಮ್ಮನೆ ಕೂತು ಹೋದಳು. ಒಂದು ದಿನ ಪಕ್ಕದ ಹುಡುಗಿಯ ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ ಬಿಟ್ಟಿದೀಯ ನೋಡು" ಅಂದಳು. ಅವತ್ತು ಸಂಜೆ ಕೀಲಿ ಕೊಟ್ಟೆ, ತೆಗೆದುಕೊಂಡಳು.

ಇದಾಗಿ ಕೆಲವು ವರ್ಷಗಳಾದವು. ಕ್ಲಾಸು ಅಲ್ಲೇ ಇದೆ, ನಸ್ರೀನ್ ನಡೆಸುತ್ತಾಳೆ. ನಾನು ಇಲ್ಲಿ ಟೈಪ್‌ರೈಟರುಗಳನ್ನು ಒಂದು ಪಕ್ಕಕ್ಕೆ ಸರಿಸಿ ಹಳೇ ಕಂಪ್ಯೂಟರುಗಳನ್ನು ಇಟ್ಟುಕೊಂಡಿದ್ದೇನೆ. ಮೊದಲ ಪಾಠಗಳನ್ನು ಮಾತ್ರ ಹೇಳಿಕೊಡುತ್ತೇನೆ. ಮುಂದಕ್ಕೆ ಶಿರಾದ ಬಸ್ಸು ತೋರಿಸುತ್ತೇನೆ. ಅಪ್ಪ ಒಳಗಿನ ಮಂಚದಿಂದಲೇ, "ಸದ್ದೇ ಇಲ್ವಲ್ಲಮ್ಮ, ಕಲೀತಿದಾರೋ ಇಲ್ವೋ ಹೆಂಗೆ ಗೊತ್ತಾಗುತ್ತೆ?" ಎಂದು ಆಗಾಗ ಕೇಳುತ್ತಾರೆ. ದುಡಿಮೆ ಅಷ್ಟಕ್ಕಷ್ಟೇ. ಸೊಂಟ ನೋವು ಮೊದಲಿಗಿಂತ ಜಾಸ್ತಿ.

ಈಚೆಗೆ ಕೊರಟಗೆರೆ ಕಡೆಯ ಒಬ್ಬ ಹೆಂಗಸು ಸೇರಿದ್ದಾರೆ, ಹೆಚ್ಚುಕಡಿಮೆ ನನ್ನ ವಯಸ್ಸಿನವರು. ದಿನಾ ಹೊತ್ತಿಗೆ ಸರಿಯಾಗಿ ಬರುತ್ತಾರೆ, ಪರದೆಯ ಮುಂದೆ ಕೂರುತ್ತಾರೆ, ಒಂದು ಕೀಲಿಯನ್ನೂ ಒತ್ತದೆ ಹೊತ್ತಾದ ಮೇಲೆ ಎದ್ದು ಹೋಗುತ್ತಾರೆ. ಹಳೇ ಟೈಪಿಂಗ್ ಟೀಚರಾಗಿದ್ದರೆ ಮೇಜಿನ ಮೇಲೆ ಸ್ಕೇಲು ಕುಟ್ಟಿ, "ಏನಮ್ಮ, ನಿದ್ದೆನಾ?" ಅನ್ನುತ್ತಿದ್ದೆ. ಇವತ್ತೂ ಅವರು ಬಂದು, ಅವತ್ತು ನಸ್ರೀನ್ ಕೂತಿದ್ದ ಹಾಗೆ, ಸುಮ್ಮನೆ ಕೂತರು. ಸೆಕೆ ಇತ್ತು. ಫ್ಯಾನನ್ನು ಅವರ ಕಡೆಗೆ ತಿರುಗಿಸಿಟ್ಟು, ಪಕ್ಕದ ಹುಡುಗಿಯ ತಪ್ಪು ಹುಡುಕಲು ಹೋದೆ.